ಸ್ಟೂಡೆಂಟ್ ಅಫೇರ್ಸ್ ಮಾಸ್ಟರ್ಸ್: ಓದಿ ಮಂಗಳೂರಿಗೆ ಮರಳಿದವಳ ರಿವ್ಯೂ

ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಮಾಸ್ಟರ್ಸ್) ಓದುತ್ತಿರುವ ಹುಡುಗಿಯರು, ಹಾಸ್ಟೆಲ್ ವಾರ್ಡನ್‌ಗಳು, ಕೆಲವೊಮ್ಮೆ ಲೆಕ್ಚರರ್‌ಗಳೂ ನನ್ನನ್ನು ಕೇಳುತ್ತಿರುತ್ತಾರೆ. "ಅಕ್ಕ, ನೀವು ಓದಿದ್ದು ಎಂತ ಕೋರ್ಸ್? ಅದಕ್ಕೆ ಹೋಗಬಹುದಾ?" ನಾನು ಓದಿದ್ದು ಸ್ಟೂಡೆಂಟ್ ಅಫೇರ್ಸ್, ಅಂದರೆ ಕಾಲೇಜಿನಲ್ಲಿ ಪಾಠದ ಹೊರಗೆ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕೆಲಸದ ಮಾಸ್ಟರ್ಸ್. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವುದಕ್ಕಿಂತ ಒಮ್ಮೆ ಪೂರ್ತಿ ಬರೆಯುವುದು ಒಳ್ಳೆಯದು ಅನಿಸಿತು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಅಸಿಸ್ಟೆಂಟ್‌ಶಿಪ್ (ಯೂನಿವರ್ಸಿಟಿಯಲ್ಲೇ ಕೆಲಸ ಮಾಡಿ ಫೀಸು ಮಾಫಿ, ಸ್ಟೈಪೆಂಡ್ ಪಡೆಯುವುದು) ಸಿಕ್ಕಿದರೆ ಖಂಡಿತ ಹೋಗಿ. ಸಿಗದಿದ್ದರೆ, ಯೂನಿವರ್ಸಿಟಿಯ ಹೆಸರು ಎಷ್ಟೇ ದೊಡ್ಡದಿರಲಿ, ಹೋಗಬೇಡಿ.

ನಾನು ಉಡುಪಿ ಜಿಲ್ಲೆಯವಳು. ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯು ಮುಗಿಸಿ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಅಸಿಸ್ಟೆಂಟ್ ವಾರ್ಡನ್ ಆಗಿದ್ದೆ. ಅಲ್ಲಿಂದ ಅಮೆರಿಕದ ಮಿಡ್‌ವೆಸ್ಟ್ ಕಡೆಯ ಒಂದು ಸರ್ಕಾರಿ ಯೂನಿವರ್ಸಿಟಿಗೆ ಹೋಗಿ ಎರಡು ವರ್ಷ ಈ ಡಿಗ್ರಿ ಓದಿದೆ. ಈಗ ಮಂಗಳೂರಿನ ಒಂದು ಕಾಲೇಜಿನ ವಿದ್ಯಾರ್ಥಿ ಕ್ಷೇಮಪಾಲನಾ ಕಚೇರಿಯಲ್ಲಿದ್ದೇನೆ.

ಹಾಸ್ಟೆಲ್ ಜಗಳ, ರ‍್ಯಾಗಿಂಗ್ ದೂರು, ಫ್ರೆಷರ್ಸ್ ಡೇ, ಕೌನ್ಸೆಲಿಂಗ್, ಸ್ಕಾಲರ್‌ಶಿಪ್ ಫಾರ್ಮು, ಮನೆ ನೆನಪಾಗಿ ಊಟ ಬಿಟ್ಟ ಹುಡುಗ. ನಮ್ಮ ಕಾಲೇಜುಗಳಲ್ಲಿ ಇದೆಲ್ಲ ಯಾರ ಕೆಲಸ? ಹೆಚ್ಚಿನ ಕಡೆ ಒಬ್ಬ ಲೆಕ್ಚರರ್‌ಗೆ ಪಾಠದ ಜೊತೆಗೆ ಇದನ್ನೂ ವಹಿಸುತ್ತಾರೆ. ಅವರು ತಾಳ್ಮೆಯವರಾಗಿದ್ದರೆ ಮಕ್ಕಳ ಪುಣ್ಯ. ಅಮೆರಿಕದಲ್ಲಿ ಇದೇ ಒಂದು ವೃತ್ತಿ. ಅದಕ್ಕೆ ಬೇರೆಯೇ ಡಿಗ್ರಿ ಇದೆ, ಬೇರೆಯೇ ಸಂಘಗಳಿವೆ. ನ್ಯಾಸ್ಪಾ ಅನ್ನುವ ಸಂಘ 1919ರದ್ದು, ಎಸಿಪಿಎ 1924ರದ್ದು. 1937ರಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಒಂದು ವರದಿ ತಂದಿತು. ವಿದ್ಯಾರ್ಥಿಯ ಬುದ್ಧಿಯನ್ನು ಮಾತ್ರ ನೋಡಿದರೆ ಸಾಲದು, ಆರೋಗ್ಯ, ದುಡ್ಡು, ಸ್ನೇಹ, ಮನಸ್ಸು ಎಲ್ಲ ಸೇರಿದ ಇಡೀ ಮನುಷ್ಯನನ್ನು ನೋಡಬೇಕು ಅನ್ನುವುದು ಅದರ ಸಾರ. ಆ ವರದಿಯನ್ನು ಈಗಲೂ ಮೊದಲ ಸೆಮಿಸ್ಟರಿನಲ್ಲೇ ಓದಿಸುತ್ತಾರೆ. ಮಂಗಳೂರಿನ ಹಾಸ್ಟೆಲಿನಲ್ಲಿ ಕೆಲಸ ಮಾಡಿ ಹೋದವಳಿಗೆ ಅದರ ಒಂದೊಂದು ಸಾಲೂ ನಮ್ಮ ಮಕ್ಕಳ ಬಗ್ಗೆ ಬರೆದಂತೆಯೇ ಕಂಡಿತು.

ಡಿಗ್ರಿಯ ಹೆಸರು ಒಂದೊಂದು ಕಡೆ ಒಂದೊಂದು. ಕಾಲೇಜ್ ಸ್ಟೂಡೆಂಟ್ ಅಫೇರ್ಸ್ ಅಡ್ಮಿನಿಸ್ಟ್ರೇಶನ್, ಹೈಯರ್ ಎಜುಕೇಶನ್ ಆಂಡ್ ಸ್ಟೂಡೆಂಟ್ ಅಫೇರ್ಸ್, ಕಾಲೇಜ್ ಸ್ಟೂಡೆಂಟ್ ಪರ್ಸನೆಲ್, ಹೀಗೆ. ಹುಡುಕುವಾಗ ಎಲ್ಲ ಹೆಸರೂ ಹಾಕಿ ನೋಡಿ. ಜಾರ್ಜಿಯಾ, ಇಂಡಿಯಾನಾ, ಬೌಲಿಂಗ್ ಗ್ರೀನ್ ಸ್ಟೇಟ್ ಈ ಕ್ಷೇತ್ರದಲ್ಲಿ ಹಳೆಯ, ಗೌರವದ ಹೆಸರುಗಳು. 1979ರಲ್ಲಿ ಶುರುವಾದ ಸಿಎಎಸ್ ಅನ್ನುವ ಮಂಡಳಿ ಈ ಕೆಲಸಕ್ಕೆ ಮಾನದಂಡ ಬರೆಯುತ್ತಾ ಬಂದಿದೆ. ಎರಡು ವರ್ಷದ ಓದು, ಜೊತೆಗೆ ಮೇಲ್ವಿಚಾರಣೆಯಲ್ಲಿ ಕನಿಷ್ಠ 300 ಗಂಟೆಯ ಕೆಲಸ ಇರಬೇಕು ಅನ್ನುತ್ತದೆ ಅದು. ಇಷ್ಟು ಇಲ್ಲದ ಕೋರ್ಸನ್ನು ನೋಡಲೂ ಹೋಗಬೇಡಿ.

ಸೀಟು ಪಡೆಯುವ ದಾರಿಯಲ್ಲಿ ಜಾಸ್ತಿ ಕಿರಿಕಿರಿಯಾದದ್ದು ನಮ್ಮ ಊರಿನಲ್ಲೇ. ಮಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋದೆ. ಹೆಸರು ಹಾಕುವುದಿಲ್ಲ. ಅಲ್ಲಿಯ ಕೌನ್ಸೆಲರ್ ನನ್ನ ಮಾತು ಪೂರ್ತಿ ಕೇಳಲೇ ಇಲ್ಲ. "ಡೇಟಾ ಸೈನ್ಸ್ ಅಥವಾ ಎಂಬಿಎ ಹಾಕುವ ಮೇಡಂ, ಇದಕ್ಕೆ ಸ್ಕೋಪ್ ಇಲ್ಲ" ಅಂದರು. ಅವರು ತೋರಿಸಿದ ಪಟ್ಟಿಯಲ್ಲಿ ಈ ಡಿಗ್ರಿ ಕೊಡುವ ಒಂದು ಯೂನಿವರ್ಸಿಟಿಯೂ ಇರಲಿಲ್ಲ. ಇಂಥ ಕಡೆ ಸಲಹೆ ಫ್ರೀ ಅನ್ನುತ್ತಾರೆ. ಆದರೆ ಸೀಟು ಆದ ಮೇಲೆ ಯೂನಿವರ್ಸಿಟಿಯಿಂದ ಕಮಿಷನ್ ಬರುವುದೇ ಅವರ ವ್ಯವಹಾರ. ಕಮಿಷನ್ ಇಲ್ಲದ ಕೋರ್ಸ್ ಅವರ ಬಾಯಲ್ಲಿ ಬರುವುದಿಲ್ಲ. ನಾನು ಅಲ್ಲಿಂದ ಎದ್ದು ಬಂದು ಪ್ರೋಗ್ರಾಂ ಕೋಆರ್ಡಿನೇಟರ್‌ಗಳಿಗೆ ನೇರ ಇಮೇಲ್ ಬರೆದೆ. ಉತ್ತರ ಬಂತು. ಒಬ್ಬರು ಈಗ ಓದುತ್ತಿರುವ ವಿದ್ಯಾರ್ಥಿನಿಯ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿದರು. ಈ ಕ್ಷೇತ್ರದವರು ಹಾಗೆಯೇ. ವಿದ್ಯಾರ್ಥಿಗೆ ಉತ್ತರ ಕೊಡುವುದೇ ಅವರ ಉದ್ಯೋಗ, ಅಲ್ವಾ? ನೀವೂ ನೇರ ಬರೆಯಿರಿ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ತುಂಬಾ ಕಡೆ ಜಿಆರ್‌ಇ ಪ್ರವೇಶ ಪರೀಕ್ಷೆ ಕೇಳುವುದಿಲ್ಲ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಥವಾ ಟೋಫೆಲ್ ಬೇಕು. ನಿಮ್ಮ ಕೆಲಸ ನೋಡಿದವರ ಶಿಫಾರಸು ಪತ್ರ ಬೇಕು. ಮಂಗಳೂರು ವಿಶ್ವವಿದ್ಯಾಲಯದವರಾದರೆ ಕೊಣಾಜೆಯಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿಕೊಳ್ಳಬೇಕು. ಮೂರು ವರ್ಷದ ಡಿಗ್ರಿಯನ್ನು ಕೆಲವು ಯೂನಿವರ್ಸಿಟಿಗಳು ಒಪ್ಪುವುದಿಲ್ಲ. ನನಗೆ ಎಂಎಸ್‌ಡಬ್ಲ್ಯು ಇದ್ದದ್ದರಿಂದ ಆ ತೊಂದರೆ ಬರಲಿಲ್ಲ. ವೀಸಾ ಸಂದರ್ಶನಕ್ಕೆ ಚೆನ್ನೈಗೆ ಹೋಗಿದ್ದೆ. ವೀಸಾ ಶುಲ್ಕ 185 ಡಾಲರ್, ವಿದೇಶಿ ವಿದ್ಯಾರ್ಥಿಗಳ ದಾಖಲಾತಿಗೆ ಕಟ್ಟುವ ಸೆವಿಸ್ ಶುಲ್ಕ 350 ಡಾಲರ್. ಎರಡೂ ಬೇರೆ ಬೇರೆ ಕಟ್ಟಬೇಕು.

ಈಗ ಪಾಠದ ವಿಷಯ. ಮೊದಲ ವರ್ಷ ವಿದ್ಯಾರ್ಥಿಗಳ ಬೆಳವಣಿಗೆಯ ಸಿದ್ಧಾಂತಗಳು. ವಿದ್ಯಾರ್ಥಿ ಬೆಳೆಯುತ್ತಾನೆ ಅಂತ 1969ರಲ್ಲಿ ಚಿಕರಿಂಗ್ ಹೇಳಿದ ಏಳು ದಿಕ್ಕುಗಳು, ಕಾಲೇಜಿನಲ್ಲಿ ತೊಡಗಿದಷ್ಟೂ ಕಲಿಯುತ್ತಾನೆ ಅನ್ನುವ ಆಸ್ಟಿನ್ ಅವರ ವಾದ, ಸ್ಯಾನ್‌ಫೋರ್ಡ್ ಹೇಳಿದ ಸವಾಲು ಮತ್ತು ಆಸರೆ. ಕೊನೆಯದು ಬಹಳ ಸರಳ. ಸವಾಲು ಜಾಸ್ತಿ, ಆಸರೆ ಕಡಿಮೆ ಆದರೆ ಹುಡುಗ ಕಾಲೇಜು ಬಿಟ್ಟು ಓಡುತ್ತಾನೆ. ಆಸರೆಯೇ ಜಾಸ್ತಿಯಾದರೆ ಇದ್ದಲ್ಲೇ ಇರುತ್ತಾನೆ. ನನಗೆ ತುಂಬಾ ಹಿಡಿಸಿದ್ದು ನ್ಯಾನ್ಸಿ ಶ್ಲಾಸ್‌ಬರ್ಗ್. ಬದುಕಿನಲ್ಲಿ ದೊಡ್ಡ ಬದಲಾವಣೆ ಬಂದಾಗ ನಾಲ್ಕು ವಿಷಯ ನೋಡಿ ಅನ್ನುತ್ತಾರೆ ಅವರು. ಪರಿಸ್ಥಿತಿ ಎಂಥದು, ಆ ವ್ಯಕ್ತಿ ಎಂಥವನು, ಅವನ ಹಿಂದೆ ಯಾರಿದ್ದಾರೆ, ನಿಭಾಯಿಸಲು ಅವನಿಗೆ ಗೊತ್ತಿರುವ ದಾರಿಗಳು ಯಾವುವು. ಬೀದರ್‌ನಿಂದ ಜೂನ್ ತಿಂಗಳ ಮಳೆಯಲ್ಲಿ ಮಂಗಳೂರಿಗೆ ಬಂದು ಇಳಿಯುವ ಹುಡುಗನನ್ನು ನೆನೆಯಿರಿ. ಬಟ್ಟೆ ಒಣಗುವುದಿಲ್ಲ, ಸುತ್ತಲೂ ತುಳು ಮತ್ತು ಮಲಯಾಳ, ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ. ಈಗ ಅಂಥವನು ನನ್ನ ಎದುರು ಕೂತರೆ ಈ ನಾಲ್ಕನ್ನೂ ಒಂದೊಂದಾಗಿ ಕೇಳುತ್ತೇನೆ. ಮೊದಲು ನಾವು "ಹೊಂದಿಕೊಳ್ಳಪ್ಪ" ಅಂತ ಹೇಳಿ ಕಳಿಸುತ್ತಿದ್ದೆವು.

ಕಾನೂನಿನ ಕ್ಲಾಸ್ ಅಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಎಣಿಸಿರಲಿಲ್ಲ. ಅಲ್ಲಿ 1974ರಿಂದ ಫೆರ್ಪಾ ಅನ್ನುವ ಕಾಯ್ದೆ ಇದೆ. ಕಾಲೇಜು ಸೇರಿದ ಮೇಲೆ ಅಂಕಪಟ್ಟಿ, ಹಾಜರಿ, ಶಿಸ್ತಿನ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದು. ತಂದೆ ತಾಯಿ ಕೇಳಿದ ಮಾತ್ರಕ್ಕೆ ಕೊಡುವಂತಿಲ್ಲ. ಜೀವಕ್ಕೆ ಅಪಾಯ ಇದ್ದಾಗ, ಮಕ್ಕಳು ತೆರಿಗೆ ಲೆಕ್ಕದಲ್ಲಿ ಪೋಷಕರ ಅವಲಂಬಿತರಾಗಿದ್ದಾಗ, ಹೀಗೆ ಕೆಲವು ವಿನಾಯಿತಿಗಳಿವೆ. ನಮ್ಮಲ್ಲಿ ಪೂರ್ತಿ ಉಲ್ಟಾ. ಒಂದು ಪಿರಿಯಡ್ ತಪ್ಪಿದರೆ ಅಪ್ಪನ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ಯಾವುದು ಸರಿ? ಅಲ್ಲಿಯದನ್ನು ಇಲ್ಲಿ ತಂದು ಇಟ್ಟರೆ ನಡೆಯುವುದಿಲ್ಲ. ಗಲ್ಫ್‌ನಲ್ಲಿ ದುಡಿದು ಫೀಸ್ ಕಟ್ಟುವ ಅಪ್ಪನಿಗೆ ಮಗಳ ಸುದ್ದಿ ತಿಳಿಯುವ ಆಸೆ ಇರುವುದು ತಪ್ಪಲ್ಲ. ಹಾಗಂತ ಹತ್ತೊಂಬತ್ತು ವರ್ಷದ ಹುಡುಗಿ ನಂಬಿ ಹೇಳಿದ್ದನ್ನು ಸಂಜೆಯೊಳಗೆ ಮನೆಗೆ ಮುಟ್ಟಿಸಿದರೆ ಅವಳು ಮತ್ತೆ ನಮ್ಮ ಬಾಗಿಲಿಗೆ ಬರುವುದಿಲ್ಲ. ಈಗ ನಾನು ಮೊದಲು ಕೇಳುತ್ತೇನೆ. "ನೀನು ಮನೆಗೆ ಹೇಳ್ತೀಯಾ, ನಾನು ಹೇಳಬೇಕಾ, ಅಲ್ಲ ಇಬ್ಬರೂ ಒಟ್ಟಿಗೆ ಹೇಳುವನಾ?" ಹೆಚ್ಚಿನವರು ಮೂರನೆಯದನ್ನು ಆರಿಸುತ್ತಾರೆ.

ಉಳಿದ ವಿಷಯಗಳು ಸಾಧಾರಣ. ಹೈಯರ್ ಎಜುಕೇಶನ್ ಫೈನಾನ್ಸ್ ಅನ್ನುವ ಕ್ಲಾಸ್ ಪೂರ್ತಿ ಅಲ್ಲಿಯ ಬಜೆಟ್ ಬಗ್ಗೆ. ನಮಗೆ ಬೇಡ. ಕೌನ್ಸೆಲಿಂಗ್ ಕೌಶಲದ ಕ್ಲಾಸ್ ಎಂಎಸ್‌ಡಬ್ಲ್ಯು ಮಾಡಿದವರಿಗೆ ಗೊತ್ತಿರುವುದೇ.

ಇನ್ನು ಈ ಡಿಗ್ರಿಯ ಜೀವ ಇರುವ ಜಾಗಕ್ಕೆ ಬರುತ್ತೇನೆ. ಅಸಿಸ್ಟೆಂಟ್‌ಶಿಪ್ ಅಂದರೆ ವಾರಕ್ಕೆ ಸಾಮಾನ್ಯವಾಗಿ 20 ಗಂಟೆ ಯೂನಿವರ್ಸಿಟಿಯ ಒಂದು ಕಚೇರಿಯಲ್ಲಿ ಕೆಲಸ. ಅದಕ್ಕೆ ಬದಲಾಗಿ ಟ್ಯೂಷನ್, ಅಂದರೆ ಕೋರ್ಸಿನ ಫೀಸು, ಪೂರ್ತಿ ಅಥವಾ ಅರ್ಧ ಮಾಫಿ, ತಿಂಗಳಿಗೆ ಸ್ಟೈಪೆಂಡ್. ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರು ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ದುಡಿಯಲು ಇರುವ ಮಿತಿಯೂ 20 ಗಂಟೆಯೇ. ಹಾಗಾಗಿ ಬೇರೆ ಪಾರ್ಟ್‌ಟೈಮ್ ಆಸೆ ಬಿಟ್ಟುಬಿಡಿ. ನನಗೆ ಸಿಕ್ಕಿದ್ದು ಹಾಸ್ಟೆಲ್ ವಿಭಾಗದಲ್ಲಿ. ಇರಲು ಕೋಣೆ, ಊಟವೂ ಸಿಕ್ಕಿತು. ಪ್ರತಿ ಮಹಡಿಗೆ ಒಬ್ಬ ಹಿರಿಯ ವಿದ್ಯಾರ್ಥಿ ಇರುತ್ತಾರೆ, ಆರ್‌ಎ ಅನ್ನುತ್ತಾರೆ. ಅವರಿಗೆ ತರಬೇತಿ ಕೊಡುವುದು, ಡ್ಯೂಟಿ ಹಂಚುವುದು, ಅವರ ಕಷ್ಟ ಕೇಳುವುದು ನನ್ನ ಕೆಲಸ. ಸರದಿಯಲ್ಲಿ ಡ್ಯೂಟಿ ಫೋನ್ ನನ್ನ ಕೈಗೆ ಬರುತ್ತಿತ್ತು.

ಆ ಫೋನ್ ಹಿಡಿದಾಗ ನಿದ್ದೆ ಇಲ್ಲ. ಕೀ ಕಳೆದುಕೊಂಡವರು, ಕುಡಿದು ಮೆಟ್ಟಿಲಲ್ಲಿ ಬಿದ್ದವರು, ರೂಂಮೇಟ್ ಜೊತೆ ಜಗಳ ಆಡಿ ಕಾರಿಡಾರಿನಲ್ಲಿ ಕೂತವರು. ಯಾರೋ ಪಾಪ್‌ಕಾರ್ನ್ ಸುಟ್ಟು ಬೆಂಕಿ ಗಂಟೆ ಹೊಡೆದರೆ ಹಿಮದಲ್ಲಿ ಇಡೀ ಕಟ್ಟಡ ಹೊರಗೆ. ಆದರೆ ಒಂದು ವ್ಯತ್ಯಾಸ ಇತ್ತು. ಯಾವ ರಾತ್ರಿಯೂ ನಾನು ಒಬ್ಬಳೇ ಅಲ್ಲ. ನನ್ನ ಮೇಲೆ ಒಬ್ಬರು, ಅವರ ಮೇಲೆ ಒಬ್ಬರು. ಯಾವಾಗ ಯಾರಿಗೆ ಫೋನ್ ಮಾಡಬೇಕು ಅಂತ ಬರೆದಿಟ್ಟಿದ್ದರು. ಮರುದಿನ ಬೆಳಿಗ್ಗೆ ಘಟನೆಯ ವರದಿ ಬರೆಯಬೇಕು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ. "ಅವಳು ಹಠಮಾರಿ" ಅಂತ ಬರೆದರೆ ವಾಪಸ್ ಬರುತ್ತಿತ್ತು.

ವಾರಕ್ಕೊಮ್ಮೆ ಸೂಪರ್‌ವೈಸರ್ ಜೊತೆ ಒಂದು ಗಂಟೆ ಕೂರಬೇಕು. ಅವರು ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಏನು ಮಾಡಿದೆ, ಯಾಕೆ ಮಾಡಿದೆ, ಬೇರೆ ಏನು ಮಾಡಬಹುದಿತ್ತು ಅಂತ ಕೇಳುತ್ತಿದ್ದರು. ಒಬ್ಬ ರೈತರ ಮಗ, ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ, ಸೆಮಿಸ್ಟರ್ ಅರ್ಧಕ್ಕೆ ಬರುವ ಮೊದಲೇ ಗಂಟುಮೂಟೆ ಕಟ್ಟಿದ್ದ. ನಾನು ಅವನಿಗೆ ಟ್ಯೂಟರಿಂಗ್, ಕೌನ್ಸೆಲಿಂಗ್, ಎಲ್ಲದರ ವಿವರ ಕೊಟ್ಟಿದ್ದೆ. ಸೂಪರ್‌ವೈಸರ್ ಕೇಳಿದ್ದು ಒಂದೇ. ಈ ವಾರ ಅವನ ಹೆಸರು ಹಿಡಿದು ಯಾರಾದರೂ ಕರೆದಿದ್ದಾರಾ? ಆಮೇಲೆ ಅವನ ಮಹಡಿಯ ಆರ್‌ಎ ಅವನನ್ನು ದಿನಾ ಊಟಕ್ಕೆ ಕರೆದುಕೊಂಡು ಹೋದ. ಹುಡುಗ ಉಳಿದ. ಇಂಥದನ್ನು ಕ್ಲಾಸಿನಲ್ಲಿ ಕಲಿಸಲು ಆಗುವುದಿಲ್ಲ. ಅಸಿಸ್ಟೆಂಟ್‌ಶಿಪ್ ಇಲ್ಲದವರಿಗೆ ಪ್ರಾಕ್ಟಿಕಂ ಮಾತ್ರ ಸಿಗುತ್ತದೆ. ಅವರು ಬಂದು ನೋಡಿ ಹೋಗುತ್ತಾರೆ. ಜವಾಬ್ದಾರಿ ಹೊರುವುದಿಲ್ಲ.

ದುಡ್ಡಿನ ಲೆಕ್ಕವೂ ಅದನ್ನೇ ಹೇಳುತ್ತದೆ. ನಮಗೆ ಹೊರರಾಜ್ಯದವರ ದರದಲ್ಲಿ ಶುಲ್ಕ. ಅದನ್ನು ಪೂರ್ತಿ ಸಾಲ ಮಾಡಿ ಕಟ್ಟಿದರೆ ಈ ವೃತ್ತಿಯ ಶುರುವಿನ ಸಂಬಳದಲ್ಲಿ ತೀರಿಸುವುದು ತುಂಬಾ ಕಷ್ಟ. ಟ್ಯೂಷನ್ ಮಾಫಿ ಆದರೂ ಇತರ ಫೀಸು, ಆರೋಗ್ಯ ವಿಮೆ, ಟಿಕೆಟ್ ನಮ್ಮದೇ. ನನಗೆ ಬೇಕಾದದ್ದು 7.5 ಲಕ್ಷದ ಒಳಗೇ ಇತ್ತು. ಬ್ಯಾಂಕಿನ ಮಾದರಿ ಶಿಕ್ಷಣ ಸಾಲದಲ್ಲಿ ಅಷ್ಟರವರೆಗೆ ಆಸ್ತಿ ಅಡವು ಬೇಡ. ಹಾಗಾಗಿ ಅಮ್ಮನ ಹೆಸರಿನಲ್ಲಿದ್ದ ಜಾಗದ ಪತ್ರ ಕಪಾಟಿನಲ್ಲೇ ಉಳಿಯಿತು. ಅಣ್ಣ ಸಹಿ ಹಾಕಿದ, ಅಷ್ಟೇ.

ಅಲ್ಲೇ ಉಳಿಯುವ ಲೆಕ್ಕ ಹಾಕುವವರು ಇದನ್ನೂ ಓದಿ. ಈ ಡಿಗ್ರಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿಲ್ಲ. ಓದಿದ ಮೇಲೆ ಅಲ್ಲಿ ಕೆಲಸ ಮಾಡಲು ಸಿಗುವ ಅನುಮತಿ, ಓಪಿಟಿ, 12 ತಿಂಗಳು ಮಾತ್ರ, ಎಂಜಿನಿಯರುಗಳಿಗೆ ಸಿಗುವ ಹೆಚ್ಚುವರಿ 24 ತಿಂಗಳು ಇಲ್ಲ. ಯೂನಿವರ್ಸಿಟಿಗಳು ಹಾಕುವ ಎಚ್-1ಬಿ ಕೆಲಸದ ವೀಸಾ ಅರ್ಜಿಗೆ ಲಾಟರಿ ಇಲ್ಲ ಅನ್ನುವುದು ಒಂದು ಅನುಕೂಲ. ಆದರೆ ಶುರುವಿನ ಹುದ್ದೆಗೆ ಅರ್ಜಿ ಹಾಕಲು ತುಂಬಾ ಯೂನಿವರ್ಸಿಟಿಗಳು ಹಿಂದೇಟು ಹಾಕುತ್ತವೆ. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಲ್ಲಿರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವನ್ನೂ ಹೇರಿದರು. ನಾನು ಮರಳುವುದು ಅಂತಲೇ ಹೋದವಳು. ಉಳಿಯಲು ಹೋಗುವವರು ಈ ಡಿಗ್ರಿ ಆರಿಸಬೇಡಿ.

ನನ್ನ ದೊಡ್ಡ ತಕರಾರು ಬೇರೆ. ಎರಡು ವರ್ಷದಲ್ಲಿ ಜಾತಿಯ ಮಾತು ನನ್ನ ಕ್ಲಾಸಿನಲ್ಲಿ ಬಂದದ್ದು ನಾನು ಎತ್ತಿದಾಗ ಮಾತ್ರ. ಅವರ ಸಿದ್ಧಾಂತಗಳು ಹುಟ್ಟಿದ್ದು ಹೆಚ್ಚಾಗಿ ಬಿಳಿಯ ಹುಡುಗರನ್ನು ನೋಡಿ. ಆ ಕೊರತೆ ಅವರಿಗೂ ಗೊತ್ತಿದೆ, ಜನಾಂಗದ ಬಗ್ಗೆ ತುಂಬಾ ಗಂಭೀರವಾಗಿ ಓದಿಸುತ್ತಾರೆ. ಆದರೆ ನಮ್ಮ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ನಿಂತು ಹೋದ ಹುಡುಗಿ ಅದನ್ನು ಯಾರ ಎದುರೂ ಹೇಳದೆ ನಾಚುವುದು ಯಾಕೆ ಅನ್ನುವುದು ಅಲ್ಲಿಯ ಪುಸ್ತಕದಲ್ಲಿ ಸಿಗುವುದಿಲ್ಲ. ಬೀಚಿಗೆ ಹೋದ ಹುಡುಗ ಹುಡುಗಿಯರನ್ನು ಯಾರೋ ತಡೆದು ಹೆಸರು, ಧರ್ಮ ಕೇಳಿದರು ಅಂತ ಸಂಜೆ ಫೋನ್ ಬಂದರೆ ಏನು ಮಾಡಬೇಕು? ಮಂಗಳೂರಿನಲ್ಲಿ ಈ ಕೆಲಸ ಮಾಡುವವರಿಗೆ ಇದು ನಿಜವಾದ ಪ್ರಶ್ನೆ. ಮೊದಲು ಮಕ್ಕಳನ್ನು ಸುರಕ್ಷಿತವಾಗಿ ಹಾಸ್ಟೆಲಿಗೆ ತಲುಪಿಸುವುದು, ಆಮೇಲೆ ಪೊಲೀಸರು, ಮನೆಯ ಮಾತು ಕೊನೆಗೆ. ಈ ಕ್ರಮವನ್ನು ನಾವು ಇಲ್ಲಿ ಕೂತು ಬರೆದುಕೊಂಡೆವು.

ಇಲ್ಲಿಗೆ ಬಂದ ಮೇಲೆ ಉಪಯೋಗಕ್ಕೆ ಬಂದದ್ದು ತುಂಬಾ ಇದೆ. ಅಲ್ಲಿ ಒಂದೇ ಕೋಣೆಯವರು ವರ್ಷದ ಶುರುವಿಗೆ ಒಂದು ಒಪ್ಪಂದ ಬರೆದು ಸಹಿ ಹಾಕುತ್ತಾರೆ. ನಾನು ಅದನ್ನು ಕನ್ನಡದಲ್ಲಿ ಹೊಸದಾಗಿ ಮಾಡಿದೆ. ಅವರದರಲ್ಲಿ ಎಸಿ, ಅತಿಥಿ, ಅಲಾರಂ ಇತ್ತು. ನಮ್ಮದರಲ್ಲಿ ಫ್ಯಾನಿನ ಸ್ಪೀಡು, ಮಳೆಗಾಲದಲ್ಲಿ ಒದ್ದೆ ಬಟ್ಟೆ ಎಲ್ಲಿ ಹಾಕುವುದು, ರಾತ್ರಿ ಫೋನ್ ಎಲ್ಲಿ ಮಾತಾಡುವುದು, ಮನೆಯಿಂದ ತಂದ ಒಣಮೀನಿನ ಚಟ್ನಿಯ ಡಬ್ಬ ಎಲ್ಲಿ ಇಡುವುದು. ಜಗಳ ಪೂರ್ತಿ ನಿಂತಿಲ್ಲ. ಆದರೆ ಕೋಣೆ ಬದಲಿಸಿ ಕೊಡಿ ಅಂತ ಬರುವವರು ಕಡಿಮೆಯಾದರು.

ಅಸೆಸ್‌ಮೆಂಟ್ ಕ್ಲಾಸಿನಲ್ಲಿ ಕಲಿತದ್ದನ್ನು ಮೆಸ್ಸಿಗೆ ಹಾಕಿದೆ. ಕುಚ್ಚಲಕ್ಕಿಯೋ ಬೆಳ್ತಿಗೆಯೋ (ಬಿಳಿ ಅಕ್ಕಿ) ಅನ್ನುವ ಜಗಳ ಪ್ರತಿ ವರ್ಷದ್ದು. ಘಟ್ಟದ ಮೇಲಿನವರಿಗೆ ರೊಟ್ಟಿ ಬೇಕು. ಎಲ್ಲರೂ ಗಟ್ಟಿ ದನಿಯವರ ಮಾತು ಕೇಳಿ ಮೆನು ಮಾಡುತ್ತಿದ್ದರು. ನಾವು ಕೆಲವು ವಾರ ದಿನಾ ಮಿಕ್ಕಿದ ಅನ್ನ ತೂಗಿಸಿದೆವು, ಊಟ ಬಿಟ್ಟವರು ಯಾರು ಅಂತ ನೋಡಿದೆವು. ರಾತ್ರಿ ಊಟ ತಪ್ಪಿಸುತ್ತಿದ್ದವರು ಹೆಚ್ಚಾಗಿ ದೂರದ ಜಿಲ್ಲೆಯ ಮೊದಲ ವರ್ಷದವರು. ಅವರು ದೂರು ಕೊಟ್ಟವರೇ ಅಲ್ಲ. ಈಗ ರಾತ್ರಿ ಎರಡೂ ಅನ್ನ ಇದೆ, ವಾರದಲ್ಲಿ ಕೆಲವು ದಿನ ರೊಟ್ಟಿ ಇದೆ.

ಮಳೆಗೆ ಡಿಸಿ ರಜೆ ಕೊಟ್ಟ ದಿನ ಮೊದಲು ಹಾಸ್ಟೆಲ್ ಹೇಳುವವರು ಕೇಳುವವರು ಇಲ್ಲದಂತಾಗುತ್ತಿತ್ತು. ಈಗ ಡ್ಯೂಟಿ ಪಟ್ಟಿ ಇದೆ. ಯಾರ ಫೋನ್ ಆನ್ ಇರಬೇಕು ಅಂತ ಬರೆದಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ರ‍್ಯಾಗಿಂಗ್ ಸಹಾಯವಾಣಿ 1800-180-5522 ಪ್ರತಿ ಕೋಣೆಯ ಬಾಗಿಲ ಹಿಂದೆ ಇದೆ.

ನಮ್ಮ ದೇಶದಲ್ಲೂ ಗಾಳಿ ಬದಲಾಗುತ್ತಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ವಿದ್ಯಾರ್ಥಿ ಬೆಂಬಲವನ್ನೂ ನೋಡುತ್ತಾರೆ. ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಸೇವಾ ಕೇಂದ್ರ ಇರಲಿ ಅಂತ ಯುಜಿಸಿ 2023ರ ಮಾರ್ಗಸೂಚಿಯಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕ್ಯಾಂಪಸ್ ಆತ್ಮಹತ್ಯೆಗಳ ಬಗ್ಗೆ ರಾಷ್ಟ್ರೀಯ ಕಾರ್ಯಪಡೆ ಮಾಡಿತು. ಆದರೆ ಕೆಲಸದ ಜಾಹೀರಾತಿನಲ್ಲಿ ಈಗಲೂ ಎಂಎಸ್‌ಡಬ್ಲ್ಯು ಅಥವಾ ಸೈಕಾಲಜಿ ಅಂತಲೇ ಇರುತ್ತದೆ. ನನಗೆ ಕೆಲಸ ಸಿಕ್ಕಿದ್ದು ಎಂಎಸ್‌ಡಬ್ಲ್ಯು ಮೇಲೆ. ಅಮೆರಿಕದ ಡಿಗ್ರಿಗೆ ಸಮಾನತೆಯ ಸರ್ಟಿಫಿಕೇಟ್ ಕೇಳುತ್ತಾರೆ, ಸಂಬಳದಲ್ಲಿ ಅದರಿಂದ ದೊಡ್ಡ ವ್ಯತ್ಯಾಸ ಆಗಲಿಲ್ಲ. ಇದನ್ನು ತಿಳಿದೇ ಹೋಗಿ.

ಹೋಗಲು ಆಗದವರು ಬೇಸರ ಮಾಡಬೇಡಿ. ಮಂಗಳೂರಿನ ರೋಶನಿ ನಿಲಯ ಕಾಲೇಜಿನಲ್ಲಿ 1960ರಿಂದ ಸಮಾಜಕಾರ್ಯದ ಪಾಠ ನಡೆಯುತ್ತಿದೆ. ಎಂಎಸ್‌ಡಬ್ಲ್ಯು ಮಾಡುವಾಗ ಫೀಲ್ಡ್‌ವರ್ಕ್‌ಗೆ ಕಾಲೇಜು ಹಾಸ್ಟೆಲನ್ನೇ ಕೇಳಿ ನೋಡಿ. ಕೆಲಸದಲ್ಲಿದ್ದವರಿಗೆ ಇಗ್ನೋದ ಉನ್ನತ ಶಿಕ್ಷಣದ ಪಿಜಿ ಡಿಪ್ಲೊಮಾ ಇದೆ. ಫೀಸು ಕಡಿಮೆ, ಮನೆಯಲ್ಲೇ ಓದಬಹುದು. ಎರಡರಲ್ಲೂ ಇಲ್ಲದ್ದು ವಾರಕ್ಕೊಮ್ಮೆ ಎದುರು ಕೂತು "ಯಾಕೆ ಮಾಡಿದೆ" ಅಂತ ಕೇಳುವ ಹಿರಿಯರು. ಅಂಥವರು ನಿಮ್ಮ ಕಾಲೇಜಿನಲ್ಲೇ ಒಬ್ಬರು ಇದ್ದರೆ ಅವರನ್ನು ಬಿಡಬೇಡಿ.

ಹೊರಡುವ ಯೋಚನೆ ಇರುವವರಿಗೆ ಕೊನೆಯ ಮಾತು. ಅರ್ಜಿಯ ಗಡುವು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಅಸಿಸ್ಟೆಂಟ್‌ಶಿಪ್ ಸಂದರ್ಶನ ಬೇರೆಯೇ, ಅದು ಫೆಬ್ರವರಿ, ಮಾರ್ಚ್‌ನಲ್ಲಿ. ಸೀಟು ಸಿಕ್ಕಿತು ಅಂದರೆ ಅಸಿಸ್ಟೆಂಟ್‌ಶಿಪ್ ಸಿಕ್ಕಿತು ಅಂತ ಅರ್ಥ ಅಲ್ಲ. ಹಣದ ನೆರವಿನ ಆಫರ್‌ಗೆ ಉತ್ತರ ಕೊಡಲು ಏಪ್ರಿಲ್ 15ರವರೆಗೆ ಸಮಯ ಕೊಡುತ್ತೇವೆ ಅಂತ ಅಲ್ಲಿಯ ತುಂಬಾ ಗ್ರಾಜುಯೇಟ್ ಸ್ಕೂಲುಗಳು ಒಪ್ಪಿಕೊಂಡಿವೆ. ಅವಸರದಲ್ಲಿ ಹೂಂ ಅನ್ನಬೇಡಿ. ಟ್ಯೂಷನ್ ಎಷ್ಟು ಮಾಫಿ, ಇತರ ಫೀಸು ಯಾರು ಕಟ್ಟುವುದು, ವಿಮೆ ಸೇರಿದೆಯಾ, ಬೇಸಿಗೆ ತಿಂಗಳುಗಳಲ್ಲಿ ಸ್ಟೈಪೆಂಡ್ ಮತ್ತು ಕೋಣೆ ಇದೆಯಾ, ಎರಡನೆಯ ವರ್ಷಕ್ಕೂ ಮುಂದುವರಿಯುತ್ತದಾ. ಈ ಐದಕ್ಕೂ ಇಮೇಲಿನಲ್ಲಿ ಉತ್ತರ ತರಿಸಿಕೊಂಡ ಮೇಲೆಯೇ ಬ್ಯಾಂಕಿಗೆ ಹೋಗಿ.